ಮಾರಿಷಸ್ಸಿನಲ್ಲಿ ನಮ್ಮತ್ತೆಯ ತೆಲುಗು

ಮಾರಿಷಸ್ಸಿನಿಂದ ಬಂದ ಮೇಲೆ ಶಿರಾದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಸಮುದ್ರದ ಬಣ್ಣ. ನೀಲಿ ಎಂದೆ, ಕೆಲವು ಕಡೆ ಹಸಿರು ಎಂದೆ, ಫೋನಿನಲ್ಲಿ ತೋರಿಸಿದೆ. ಫೋಟೊಗಳು ಮುಗಿದ ಮೇಲೆ ಅವರಿಗೆ ಕೇಳುವುದಕ್ಕೂ ಏನೂ ಉಳಿಯಲಿಲ್ಲ. ಫೋಟೊಗಳಲ್ಲಿ ಇಲ್ಲದ ಒಂದು ಮಧ್ಯಾಹ್ನದ ಬಗ್ಗೆ ನಾನು ಇಲ್ಲಿ ಬರೆಯುತ್ತಿದ್ದೇನೆ.

ಹೋದವರು ಮೂವರು. ನಾನು, ನಮ್ಮ ಯಜಮಾನರು, ಅವರ ತಾಯಿ ಅಂಜಿನಮ್ಮ. ಅತ್ತೆಯ ತವರು ಪಾವಗಡದಿಂದಾಚೆ, ಹೊಲದ ಬದು ದಾಟಿದರೆ ಆಂಧ್ರ ಎನ್ನುವಂಥ ಹಳ್ಳಿ. ಮದುವೆಯಾಗಿ ಹುಲಿಕುಂಟೆಗೆ ಬಂದ ಮೇಲೆ ಅವರದು ಕನ್ನಡವೇ. ಆದರೆ ಎಡವಿದರೆ, ಬೆಚ್ಚಿದರೆ, ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ತೆಲುಗು ಬರುತ್ತದೆ. ನಮ್ಮ ಮನೆಯಲ್ಲಿ ಆ ಭಾಷೆಗೆ ಉತ್ತರ ಕೊಡುವವರು ಯಾರೂ ಇಲ್ಲ. ತವರಿನಲ್ಲಿದ್ದ ತಂಗಿಗೆ ಫೋನ್ ಮಾಡಿದಾಗ ಮಾತ್ರ ಅತ್ತೆ ಬಾಯ್ತುಂಬ ತೆಲುಗಾಡುತ್ತಿದ್ದರು, ಆಗ ಅವರ ನಗುವೇ ಬೇರೆ ಥರ ಇರುತ್ತಿತ್ತು. ಹೋದ ವರ್ಷ ಆ ತಂಗಿ ತೀರಿಕೊಂಡರು. ಆಮೇಲೆ ಅತ್ತೆ ಜಗಲಿಯಲ್ಲಿ ಕೂತು ರಸ್ತೆ ನೋಡುವುದು ಹೆಚ್ಚಾಯಿತು. ಅವ್ವನನ್ನು ಎಲ್ಲಾದರೂ ದೂರ ಕರೆದುಕೊಂಡು ಹೋಗಬೇಕು ಎಂದು ನಮ್ಮ ಯಜಮಾನರು ಹಟ ಹಿಡಿದರು. ಅತ್ತೆ ಅಲ್ಲಿಯವರೆಗೆ ಮಾಡಿದ್ದ ಪ್ರವಾಸವೆಂದರೆ ಗೊರವನಹಳ್ಳಿ ಲಕ್ಷ್ಮಿಯ ಗುಡಿಗೆ ಹೋಗುವ ಬಸ್ಸು.

ಹೋಟೆಲಿನ ಮುಂದೆ

ದ್ವೀಪವನ್ನೆಲ್ಲ ಒಂದೇ ದಿನದಲ್ಲಿ ತೋರಿಸಲು ನಮಗಾಗಿಯೇ ಒಂದು ಕಾರು, ಒಬ್ಬ ಗೈಡು ಎಂದು ಗೊತ್ತು ಮಾಡಿದ್ದವರು ನಮ್ಮ ಯಜಮಾನರು. ಆ ದಿನವೇ ಅವರು ಮಲಗಿಬಿಟ್ಟರು. ಹಿಂದಿನ ದಿನ ದೋಣಿಯ ಮೇಲೆ ಅಂಗಿ ಬಿಚ್ಚಿ ಕೂತಿದ್ದರ ಫಲ. ಬೆನ್ನೆಲ್ಲ ಕೆಂಪಗೆ ಸುಟ್ಟು ಅಂಗಿ ಮುಟ್ಟಿಸಿದರೂ ಚೀರುತ್ತಿದ್ದರು.

"ಶಿರಾದ ಬಿಸಿಲಲ್ಲಿ ಬೆಳೆದೋನು ಇಲ್ಲಿ ಬಂದು ಬೆಂದ್ಬುಟ್ಟ ನೋಡಮ್ಮ," ಎಂದು ಅತ್ತೆ ಮಗನ ಬೆನ್ನಿಗೆ ಮೊಸರು ಸವರಿದರು. "ನಾವೂ ಹೋಗಾದು ಬ್ಯಾಡ, ಬುಡು."

ಆದರೆ ಕಾರು ಬಂದು ನಿಂತಾಗಿತ್ತು. ಕಾರು ಓಡಿಸಿಕೊಂಡು ಬಂದ ಗೈಡು ನರೇನ್ ಇಳಿದು ಕೈಮುಗಿದ. ಐವತ್ತು ದಾಟಿದ ಕಪ್ಪನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಸರು ನಮ್ಮವರದೇ, ಮುಖವೂ ನಮ್ಮ ಕಡೆಯದೇ. ಬಾಯಿ ಬಿಟ್ಟರೆ ಫ್ರೆಂಚಿನಂತೆ ಕೇಳುವ ಕ್ರಿಯೋಲ್ ಭಾಷೆ. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. 'ರ' ಅಕ್ಷರ ಬಂದಾಗಲೆಲ್ಲ ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಉಲಿಯುತ್ತಿದ್ದ. "ಪಾಪ, ನೆಗಡಿ," ಎಂದರು ಅತ್ತೆ. ಅದು ನೆಗಡಿಯಲ್ಲ, ಅವರ ಉಚ್ಚಾರಣೆಯೇ ಹಾಗೆ ಎಂದರೂ ನಂಬದೆ ತಮ್ಮ ಚೀಲದಿಂದ ಒಂದು ಮೆಣಸಿನ ಕಾಳು ತೆಗೆದು ಕೊಟ್ಟರು. ನರೇನ್ ಅದನ್ನು ಗೌರವದಿಂದ ಅಗಿದು ಕಣ್ಣೀರು ಒರೆಸಿಕೊಂಡ.

ಕಬ್ಬಿನ ದಾರಿ

ದಾರಿಯುದ್ದಕ್ಕೂ ಕಬ್ಬು. ಗುಡ್ಡದ ಬುಡದಿಂದ ಸಮುದ್ರದ ಅಂಚಿನವರೆಗೆ ಕಬ್ಬು. ನಡುನಡುವೆ ಕರಿಕಲ್ಲಿನ ದೊಡ್ಡ ದೊಡ್ಡ ಗುಪ್ಪೆಗಳು. ಹೊಲ ಹಸನು ಮಾಡುವಾಗ ಕೂಲಿಗೆ ಬಂದ ಹಿಂದಿನವರು ಕೈಯಿಂದಲೇ ಹೆಕ್ಕಿ ಒಟ್ಟಿದ ಕಲ್ಲುಗಳು ಎಂದ ನರೇನ್. ಸಮುದ್ರ ಕಂಡಾಗಲೂ ತಲೆ ಎತ್ತದಿದ್ದ ಅತ್ತೆ ಇದಕ್ಕೆ ಎದ್ದು ಕೂತರು.

"ನಮ್ಮಪ್ಪನ ಹೊಲದಾಗೂ ಇಂಗೇ ಗುಪ್ಪೆ ಇದ್ವು ಕಣಮ್ಮ. ನಾನೂ ನನ್ನ ತಂಗೀನೂ ಕಲ್ಲು ಆಯ್ತಿದ್ವಿ. ಆಯ್ದಾದ್ಮೇಲೂ ಮಳೆ ಬಂದ್ರೆ ಇನ್ನೊಂದಷ್ಟು ಕಲ್ಲು ಎದ್ದು ಬರಾವು."

ಊರಿನಿಂದ ಹೊರಟ ಮೇಲೆ ಅವರು ತಂಗಿಯ ಮಾತೆತ್ತಿದ್ದು ಅದೇ ಮೊದಲು. ನಾನು ಇನ್ನಷ್ಟು ಹೇಳಲಿ ಎಂದು ಕಾದೆ. ಅವರು ಮತ್ತೆ ಸೀಟಿಗೊರಗಿದರು.

ಬೆಟ್ಟದ ಮೇಲಿನ ಪೇಟೆಯಲ್ಲಿ ಒಂದು ಸತ್ತ ಜ್ವಾಲಾಮುಖಿಯ ಬಾಯಿ ನೋಡುವುದಿತ್ತು. ನಾವು ಹೋದಾಗ ಮಂಜು ಮುಸುಕಿ ಏನೂ ಕಾಣಲಿಲ್ಲ. "ಇಲ್ಲೇ ಕೆಳಗಿದೆ," ಎಂದು ನರೇನ್ ಬಿಳಿ ಮಂಜಿನೊಳಗೆ ಬೆರಳು ತೋರಿಸಿದ. ನಾವು ಅತ್ತ ನೋಡಿ ತಲೆಯಾಡಿಸಿದೆವು. ಅಲ್ಲಿಯ ಜನ ಮಳೆಗೆ ಓಡುವುದಿಲ್ಲ ಎಂಬುದನ್ನು ಮಾತ್ರ ಕಂಡೆ. ಹನಿ ಬಿದ್ದರೆ ನಿಂತಲ್ಲೇ ಮಾತು ಮುಂದುವರಿಸುತ್ತಾರೆ, ಬಿಸಿಲು ಬಂದರೂ ಅದೇ ಮಾತು. ನಮ್ಮಲ್ಲಿ ನಾಲ್ಕು ಹನಿಗೆ ಊರೆಲ್ಲ ಹೊರಗೆ ಬಂದು ಆಕಾಶ ನೋಡುತ್ತದೆ.

ಗಂಗಾ ತಲಾವ್

ಗುಡ್ಡಗಳ ನಡುವಿನ ಕೆರೆ ಇದು. ಇಲ್ಲಿಯ ಹಿಂದೂಗಳಿಗೆ ಕಾಶಿ ಇದ್ದಂತೆ. ದಾರಿಯಲ್ಲೇ ತೆಂಗಿನ ಮರಕ್ಕಿಂತ ಎಷ್ಟೋ ಎತ್ತರದ ಶಿವ ನಿಂತಿದ್ದಾನೆ. ಅತ್ತೆ ಕತ್ತೆತ್ತಿ ನೋಡಿ, "ಇಷ್ಟೆತ್ತರದಾಗೆ ನಿಂತ್ರೆ ನಾವು ಹೇಳಾದು ಹೆಂಗೆ ಕೇಳ್ತದೆ?" ಎಂದು ಕೆರೆಯ ದಂಡೆಯ ಸಣ್ಣ ಲಿಂಗದ ಹತ್ತಿರ ಹೋಗಿ ಕೂತರು. ಪೂಜೆಗೆಂದು ಕೈಯಲ್ಲಿ ಹಿಡಿದಿದ್ದ ಬಾಳೆಹಣ್ಣನ್ನು ಒಂದು ಕೋತಿ ಕಿತ್ತುಕೊಂಡಿತು. ಬೆಚ್ಚಿದ ಅತ್ತೆಯ ಬಾಯಿಂದ ತೆಲುಗು ಹೊರಟಿತು.

"ಅಯ್ಯೋ ದೇವುಡಾ! ದೀನಿ ನೋಟ್ಲೋ ಮನ್ನು ಪಡ!"

ಅದರ ಬಾಯಿಗೆ ಮಣ್ಣು ಬೀಳಲಿ ಎಂದು ಅರ್ಥ. ನಾನು ನಗುತ್ತಾ ತಿರುಗಿದರೆ ನರೇನ್ ನಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಓಡಿ ಬಂದ.

"ದೇವುಡಾ ಅಂದರಲ್ಲ, ಅದು ತೆಲುಗು ತಾನೆ? ನಾವೂ ತೆಲುಗಿನವರು!"

ಮುತ್ತಜ್ಜನ ಕಾಲದಲ್ಲಿ ಕಬ್ಬಿನ ಕೂಲಿಗೆ ಹಡಗು ಹತ್ತಿ ಬಂದವರಂತೆ ಅವನ ಕಡೆಯವರು. ನಾನು ಅದನ್ನು ಹೇಳುತ್ತಿದ್ದಂತೆ ಅತ್ತೆಯ ಮುಖ ಅರಳಿತು. ಎದ್ದು ಅವನ ಎರಡೂ ಕೈ ಹಿಡಿದುಕೊಂಡು ತೆಲುಗಿನಲ್ಲಿ ಶುರು ಮಾಡಿದರು. ಯಾವೂರು, ಎಷ್ಟು ಮಕ್ಕಳು, ಹೆಂಡತಿ ಯಾರ ಕಡೆಯವಳು, ಎಲ್ಲವನ್ನೂ ಒಂದೇ ಉಸಿರಿಗೆ. ಆ ದನಿಯನ್ನು ನಾನು ಕೇಳಿ ವರ್ಷವಾಗಿತ್ತು.

ನರೇನ್ ಪೂರ್ತಿ ಕೇಳಿ ನಾಚಿಕೊಂಡು, "ಬಾಗುನ್ನಾರಾ?" ಎಂದ. ಚೆನ್ನಾಗಿದ್ದೀರಾ ಎಂದು. ಅಷ್ಟೇ. ಅವನಿಗೆ ಬರುತ್ತಿದ್ದದ್ದು ಆ ಒಂದು ಮಾತು, ಮತ್ತೆ ಹಬ್ಬದಲ್ಲಿ ಗುಂಪಿನ ಜೊತೆ ಹಾಡುವ ಅರ್ಥ ಗೊತ್ತಿಲ್ಲದ ಕೆಲವು ಭಜನೆ.

ಅತ್ತೆ ನಿಧಾನವಾಗಿ ಕೈ ಬಿಟ್ಟರು. "ಹೂಂ ಕಣಪ್ಪ, ಬಾಗುನ್ನಾನು," ಎಂದು ಕಾರಿನ ಕಡೆ ನಡೆದರು. ಕೋತಿ ಬಾಳೆಹಣ್ಣು ಕಿತ್ತುಕೊಂಡಾಗಲೂ ಅವರ ಮುಖ ಇಷ್ಟು ಸಣ್ಣದಾಗಿರಲಿಲ್ಲ.

ಸಪ್ಪೆ ಒಬ್ಬಟ್ಟು

ಊಟಕ್ಕೆ ನರೇನ್ ರಸ್ತೆ ಬದಿಯ ಗಾಡಿಯಲ್ಲಿ 'ಧೋಲ್ ಪುರಿ' ಕೊಡಿಸಿದ. ತೆಳ್ಳಗೆ, ಹಳದಿಯಾಗಿ, ಒಳಗೆ ಬೇಳೆ ತುಂಬಿ ಥೇಟು ನಮ್ಮ ಒಬ್ಬಟ್ಟು. ಅತ್ತೆ ಆಸೆಯಿಂದ ಕಚ್ಚಿದರು, ನಿಲ್ಲಿಸಿದರು. ಅದರಲ್ಲಿ ಸಿಹಿಯಿಲ್ಲ, ಒಳಗೆ ಹುರುಳಿಕಾಯಿ ಬೀಜದ ಗೊಜ್ಜು ಮತ್ತು ಮೆಣಸಿನಕಾಯಿ ಚಟ್ನಿ.

"ಇಷ್ಟು ಕಬ್ಬು ಬೆಳ್ದವ್ರೆ, ಒಬ್ಬಟ್ಟಿಗೆ ಬೆಲ್ಲ ಹಾಕಾದು ಮರ್ತವ್ರಲ್ಲಮ್ಮ!"

ನಾನು ಇದನ್ನು ನರೇನ್‌ಗೆ ಹೇಳಿದೆ. ಅವನು ಬಾಯಲ್ಲಿದ್ದದ್ದನ್ನು ಉಗುಳಿಕೊಳ್ಳುವಷ್ಟು ನಕ್ಕ. ಆಮೇಲೆ ಕೈ ಒರೆಸಿಕೊಂಡು ಒಂದು ಮಾತು ಕೇಳಿದ.

"ಮೇಡಂ, ಇಲ್ಲಿಂದ ಏಳು ಬಣ್ಣದ ಮಣ್ಣಿನ ದಿಬ್ಬ ನೋಡುವುದಿದೆ, ಆಮೇಲೆ ಸಮುದ್ರ. ಆದರೆ ನನ್ನ ಮನೆ ಹತ್ತಿರದಲ್ಲೇ ಇದೆ. ಅಮ್ಮನಿಗೆ ತುಂಬ ವಯಸ್ಸಾಗಿದೆ. ಬಾಳೆಲ್ಲ ಕ್ರಿಯೋಲ್ ಆಡಿದವಳು ಈಗ ಅದನ್ನೆಲ್ಲ ಮರೆತಿದ್ದಾಳೆ, ನಮ್ಮ ಗುರುತೂ ಇಲ್ಲ. ಒಂದೇ ಒಂದು ತೆಲುಗು ಮಂತ್ರ ಉಳಿದಿದೆ. ಅವಳ ಅಜ್ಜಿ ಕಲಿಸಿದ್ದಿರಬೇಕು. ಅದರಿಂದಲೇ ನಮಗೆ ಆಶೀರ್ವಾದ ಮಾಡುತ್ತಾಳೆ. ಅಣ್ಣನಿಗೆ ಹೃದಯದ ಆಪರೇಷನ್ ಆಗುವ ದಿನವೂ ಅದನ್ನು ಹೇಳಿಸಿಕೊಂಡೇ ಹೋದ, ಉಳಿದು ಬಂದ. ಅರ್ಥ ಏನೆಂದು ನಮಗೆ ಯಾರಿಗೂ ಗೊತ್ತಿಲ್ಲ. ನಿಮ್ಮ ಅತ್ತೆ ಬಂದು ಕೇಳಿ ಹೇಳುತ್ತಾರಾ?"

ಏಳು ಬಣ್ಣದ ಮಣ್ಣಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ನಾನು ಹೊಸ ಸೀರೆ ಉಟ್ಟಿದ್ದೆ. ಅತ್ತೆಗೆ ವಿಷಯ ಹೇಳಿದೆ.

"ಮಣ್ಣು ನಮ್ಮೂರಾಗಿಲ್ವೆ? ನಡಿಯಮ್ಮ, ಮುದುಕಿ ನೋಡಾನ."

ನರೇನ್ ಮನೆ

ಕಬ್ಬಿನ ಹೊಲಗಳ ನಡುವೆ ಪುಟ್ಟ ಊರು. ತಾರಸಿ ಮನೆ, ಮುಂದೆ ಅಂಗೈಯಗಲದ ಗುಡಿ, ಕರಿಬೇವಿನ ಗಿಡ. ಬಾಗಿಲು, ಕಿಟಕಿ ಎಲ್ಲ ತೆರೆದೇ ಇದ್ದವು. ಸೆಕೆಯ ಊರಲ್ಲವೇ, ಗಾಳಿಯಾಡಲೆಂದು ಹಗಲೆಲ್ಲ ಹಾಗೇ ಬಿಟ್ಟಿರುತ್ತಾರೆ. ನರೇನ್ ಹೆಂಡತಿ ಮಾಲಾ ಗೌನಿನ ಮೇಲೆ ಟವೆಲ್ ಹೊದ್ದು ಓಡಿ ಬಂದು ಇಬ್ಬರನ್ನೂ ತಬ್ಬಿ ಕೆನ್ನೆಗೆ ಕೆನ್ನೆ ತಾಗಿಸಿದಳು. ಅತ್ತೆ ಮರದ ಹಾಗೆ ನಿಂತು ಅದನ್ನು ಸಹಿಸಿಕೊಂಡರು.

ಒಳಗೆ ಬೆತ್ತದ ಕುರ್ಚಿಯಲ್ಲಿ ಒಂದು ಹಿಡಿ ಮುದುಕಿ. ಬೆಳ್ಳನೆಯ ಕೂದಲು, ಬಾಗಿಲ ಕಡೆಗೇ ನೆಟ್ಟ ಕಣ್ಣು. ನಾವು ಒಳಗೆ ಕಾಲಿಟ್ಟದ್ದೇ ಬಲಗೈ ಎತ್ತಿದಳು.

"ಶ್, ಈಗ ಹೇಳುತ್ತಾಳೆ," ಎಂದ ನರೇನ್. ಗಂಡ ಹೆಂಡತಿ ಆ ಕೈಯ ಕೆಳಗೆ ತಲೆ ಬಗ್ಗಿಸಿದರು. ನಾನೂ ಬಗ್ಗಿದೆ. ಅತ್ತೆ ಸೆರಗು ಹೊದ್ದು ಕೈಮುಗಿದರು.

ಮುದುಕಿ ನಡುಗುವ ದನಿಯಲ್ಲಿ, ಆದರೆ ಸ್ಪಷ್ಟವಾಗಿ ಹೇಳಿದಳು: "ತಲುಪೆಯ್ರಾ... ಮೇಕಲೊಸ್ತಾಯಿ."

ಯಾರೂ ಅಲ್ಲಾಡಲಿಲ್ಲ. ಮುದುಕಿ ಇನ್ನೂ ಜೋರಾಗಿ ಅದನ್ನೇ ಹೇಳಿದಳು. "ನೋಡಿ, ನೀವು ಬಂದದ್ದಕ್ಕೆ ಖುಷಿಯಾಗಿದೆ, ಎರಡು ಸಲ ಹೇಳಿದಳು," ಎಂದು ಮಾಲಾ ಪಿಸುಗುಟ್ಟಿದಳು.

ಮುಗಿದ ಕೈ ಹಾಗೇ ಇಟ್ಟುಕೊಂಡು ಅತ್ತೆ ನನ್ನ ಕಡೆ ತಿರುಗಿದರು. ಅವರ ಗಲ್ಲ ನಡುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗು ತಡೆಯುತ್ತಿದ್ದರು.

"ಲೇ ಸುಧಾ," ಎಂದು ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದರು, "ಬಾಗ್ಲು ಹಾಕ್ಲಾ, ಮೇಕೆ ನುಗ್ತಾವೆ ಅಂತಾವ್ಳೆ."

"ಅಷ್ಟೇನಾ?"

"ಅಷ್ಟೇ ಕಣಮ್ಮ. ಆ ಕೈ ಬಾಗ್ಲು ಕಡೆ ತೋರಿಸ್ತಿರಾದು."

ನರೇನ್ ತಲೆ ಎತ್ತಿ, "ಏನಂತೆ ಅರ್ಥ?" ಎಂದ. ಆ ಮುಖ ನೋಡಿದರೆ ಅಣ್ಣನ ಆಪರೇಷನ್, ಅದಕ್ಕೂ ಮುಂಚಿನ ಎಷ್ಟೋ ಮುಂಜಾನೆಗಳು ಎಲ್ಲ ಅಲ್ಲಿದ್ದವು.

"ಅತ್ತೆ," ಎಂದೆ ಕನ್ನಡದಲ್ಲಿ, ಮುಖದ ಮೇಲೆ ನಗು ಇಟ್ಟುಕೊಂಡೇ, "ನೂರು ಕಾಲ ಚೆನ್ನಾಗಿರ್ರಿ ಅಂತ ಅರ್ಥ ಅಂದುಬಿಡೋಣ. ನಾಳೆ ನಾವು ಹೋಗ್ತೀವಿ. ನಂಬಿಕೊಂಡಿದ್ದಾರೆ, ಯಾಕೆ ಕೆಡಿಸೋದು?"

ಅತ್ತೆ ಮುದುಕಿಯನ್ನೇ ನೋಡುತ್ತಿದ್ದರು. ಎತ್ತಿದ ಕೈ ಸೋತು ಕೆಳಗಿಳಿಯುತ್ತಿತ್ತು. ಅತ್ತೆಯ ನಗು ಹೋಗಿಬಿಟ್ಟಿತು.

"ಎಷ್ಟು ದಿನದಿಂದ ಹೇಳ್ತಾವ್ಳೋ ಏನೋ. ಒಬ್ರಾದ್ರೂ ಎದ್ದು ಬಾಗ್ಲು ಹಾಕ್ಲಿಲ್ವಲ್ಲಮ್ಮ," ಎಂದರು. "ಎಲ್ರೂ ತಲೆ ಬಗ್ಗಿಸ್ತಾರೆ, ಮೇಕೆ ಒಳೀಕ್ಕೆ ಬತ್ತವೆ ಅಂತ ಇವ್ಳು ಒಬ್ಳೇ ಕಾಯ್ತಾ ಕುಂತವ್ಳೆ."

ಎದ್ದು ಹೋಗಿ ಬಾಗಿಲು ಹಾಕಿದರು. ಅಗುಳಿಯನ್ನೂ ಸದ್ದಾಗುವಂತೆ ಸರಿಸಿದರು. ಬಂದು ಮುದುಕಿಯ ಮುಂದೆ ನೆಲದ ಮೇಲೆ ಕೂತು ಹೇಳಿದರು: "ಏಸಿನಾನಮ್ಮಾ." ಹಾಕಿದೆ ಕಣಮ್ಮ.

ಮುದುಕಿ ಕಣ್ಣು ಕಿರಿದು ಮಾಡಿದಳು. "ಮೇಕಲು?"

"ಅನ್ನೀ ದೊಡ್ಲೋ ಉಂಡಾಯಿ." ಎಲ್ಲ ದೊಡ್ಡಿಯಲ್ಲಿವೆ.

ಮುದುಕಿ ಒಂದು ದೊಡ್ಡ ಉಸಿರು ಬಿಟ್ಟಳು. ಬೆನ್ನು ಕುರ್ಚಿಗೆ ತಾಗಿತು. ಬಾಗಿಲು ಬಿಟ್ಟು ಬೇರೆ ಕಡೆ ನೋಡಿದಳು. ಅತ್ತೆಯ ಮುಖ ನೋಡಿದಳು, ಮೂಗುತಿ ಮುಟ್ಟಿದಳು.

"ಎವರಿ ಪಿಲ್ಲವೇ ನುವ್ವು?"

ಯಾರ ಮಗಳೇ ನೀನು ಎಂದು. ಮೊಮ್ಮಕ್ಕಳನ್ನು ಕಂಡ ನಮ್ಮತ್ತೆ ಚಿಕ್ಕ ಹುಡುಗಿಯ ಹಾಗೆ ತಂದೆಯ ಹೆಸರು ಹೇಳಿ, ಪಾವಗಡದ ಕಡೆಯವಳು ಎಂದರು. ಮುದುಕಿಗೆ ಪಾವಗಡ ಎಲ್ಲಿ ಗೊತ್ತು? ಆದರೂ ಗೊತ್ತಿರುವ ಊರಿನಂತೆ ತಲೆಯಾಡಿಸಿದಳು. ಆಮೇಲೆ ಇಬ್ಬರೂ ಶುರು ಮಾಡಿದರು. ಒಬ್ಬರದು ಪಾವಗಡದ ತೆಲುಗು, ಇನ್ನೊಬ್ಬರದು ಯಾವ ಕಡಲ ತೀರದ್ದೋ. ನಡುನಡುವೆ ಮಾತು ಸಿಗದೆ ಇಬ್ಬರೂ ತಡೆಯುತ್ತಿದ್ದರು, ಮತ್ತೆ ಹೊರಡುತ್ತಿದ್ದರು. ಮುದುಕಿಯ ಅಜ್ಜಿ ಮೇಕೆ ಸಾಕಿದ್ದಳಂತೆ. ಕೂಲಿಯವರ ಲೈನ್ ಮನೆಯಲ್ಲಿ ಒಂದೇ ಬಾಗಿಲಂತೆ. ಒಮ್ಮೆ ಬಾಗಿಲು ಹಾಕದೆ ಒಳಗೆ ನುಗ್ಗಿದ ಮೇಕೆಗಳು ಅಕ್ಕಿಯೆಲ್ಲ ತಿಂದು, ಆಗ ಹುಡುಗಿಯಾಗಿದ್ದ ಇವಳಿಗೆ ಏಟು ಬಿದ್ದಿತ್ತಂತೆ. ಅತ್ತೆ ಕನ್ನಡಕ್ಕೆ ತಂದರು, ನಾನು ಇಂಗ್ಲಿಷಿಗೆ. ಮೇಕೆ ಎಂಬ ಮಾತು ಇಂಗ್ಲಿಷಿಗೆ ಬಂದಾಗ ಉಳಿದದ್ದನ್ನೂ ಹೇಳದೆ ವಿಧಿಯಿರಲಿಲ್ಲ. ಅವರ ಮಂತ್ರದ ಅರ್ಥವನ್ನು ಹೇಳಿದೆ.

ಮಾಲಾ ಮೊದಲು ನಕ್ಕಳು, ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣೀರು ಬರುವಷ್ಟು. ನರೇನ್ ನಗಲಿಲ್ಲ. ಗೋಡೆಗೊರಗಿ ನಿಂತುಬಿಟ್ಟ.

"ಅಣ್ಣ ಆಸ್ಪತ್ರೆಗೆ ಹೊರಟ ದಿನವೂ?" ಎಂದ.

ನಾನು ತಲೆ ತಗ್ಗಿಸಿದೆ. ಹೇಳಬಾರದಿತ್ತು, ಬಂದ ಕೆಲಸ ನೋಡಿಕೊಂಡು ಏಳು ಬಣ್ಣದ ಮಣ್ಣಿಗೆ ಹೋಗಬೇಕಿತ್ತು ಎನ್ನಿಸಿತು.

ಅಷ್ಟರಲ್ಲಿ ಮುದುಕಿ ಅವನ ಕಡೆ ಕೈ ತೋರಿಸಿ ಅತ್ತೆಯನ್ನು ಏನೋ ಕೇಳಿದಳು. ಅತ್ತೆ, "ನೀ ಕೊಡುಕೇ ಕದಮ್ಮಾ," ಎಂದರು. ನಿನ್ನ ಮಗನೇ ಅಲ್ಲವೇನಮ್ಮ. ಮುದುಕಿ ಬಹಳ ಹೊತ್ತು ಅವನನ್ನು ನೋಡಿದಳು. ಮಗ ಎಂಬ ಮಾತನ್ನು ಆ ಭಾಷೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲವೋ ಏನೋ.

"ನಾ ಕೊಡುಕಾ? ತಿನ್ನಾಡಾ?"

ಅತ್ತೆ ನನ್ನ ಕಡೆ ತಿರುಗಿದರು. ಅವರ ದನಿ ಈಗ ನಿಜಕ್ಕೂ ಒಡೆದಿತ್ತು. "ನನ್ನ ಮಗ ಉಂಡವ್ನಾ ಅಂತ ಕೇಳ್ತಾವ್ಳೆ. ಹೇಳಮ್ಮ ಅವ್ನಿಗೆ."

ಹೇಳಿದೆ. ನರೇನ್ ಬಂದು ತಾಯಿಯ ಕಾಲ ಬಳಿ ಕುಸಿದು ಕೂತ. ಅತ್ತೆ ಅವನಿಗೆ ಉತ್ತರ ಹೇಳಿಕೊಟ್ಟರು. ಅವನು ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತಾ ಒಂದೊಂದೇ ಅಕ್ಷರ ಹೊರಗೆ ತಂದ: "ತಿನ್ನಾನಮ್ಮಾ."

ಮುದುಕಿ ಅವನ ಕೆನ್ನೆ ಸವರಿ ಮುಖ ಗಂಟಿಕ್ಕಿದಳು. "ಅಬದ್ಧಂ! ಮೊಗಂ ವಾಡಿಪೋಯಿಂದಿ."

"ಸುಳ್ಳಂತೆ, ಮುಖ ಬಾಡೈತಂತೆ," ಎಂದು ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ನಮ್ಮ ಜೊತೆ ಗಾಡಿಯ ಮುಂದೆ ನಿಂತು ಹೊಟ್ಟೆ ತುಂಬ ತಿಂದಿದ್ದ ನರೇನ್‌ಗೆ ಮಾಲಾ ಮತ್ತೆ ಅನ್ನ ಬಡಿಸಿಕೊಟ್ಟಳು. ಅವನು ನೆಲದ ಮೇಲೆ ಕೂತು, ತಾಯಿ ನೋಡುತ್ತಿರುವಂತೆ, ತಟ್ಟೆ ಬರಿದಾಗುವವರೆಗೆ ಉಂಡ.

ವಾಪಸ್ಸು

ಹೊರಟಾಗ ಬಿಸಿಲು ಇಳಿಯುತ್ತಿತ್ತು. ಏಳು ಬಣ್ಣದ ಮಣ್ಣು ನೋಡುವ ಹೊತ್ತು ಮೀರಿತ್ತು. ನರೇನ್ ಮತ್ತೆ ಮತ್ತೆ ಕ್ಷಮೆ ಕೇಳಿದ, ನಾನು ಪರವಾಗಿಲ್ಲ ಎಂದೆ. ನಿಜವಾಗಿಯೂ ನನಗೆ ಬೇಸರವಿರಲಿಲ್ಲ. ಸಮುದ್ರದ ಪಕ್ಕದ ರಸ್ತೆಯಲ್ಲಿ ನೀರೆಲ್ಲ ಕಿತ್ತಳೆಯಾಗಿತ್ತು. ಜನ ಕಾರು ನಿಲ್ಲಿಸಿ ಮರಳಿನ ಮೇಲೆ ಕುಟುಂಬ ಸಮೇತ ಕೂತಿದ್ದರು. ಮನೆಯಿಂದ ಪಾತ್ರೆಗಳಲ್ಲೇ ಅಡುಗೆ ತಂದು, ನಮ್ಮಲ್ಲಿ ದೇವರ ಕಾರ್ಯಕ್ಕೆ ತೋಪಿಗೆ ಹೋಗುವಂತೆ. ಕೆಲವರು ಡೋಲು ಬಾರಿಸಿ ಕುಣಿಯುತ್ತಿದ್ದರು. ನಾನೊಬ್ಬಳೇ ಅದನ್ನೆಲ್ಲ ನೋಡಿದೆ. ಅತ್ತೆ ಬೆಳಗ್ಗೆಯಿಂದ ಕೂತಿದ್ದ ಹಿಂದಿನ ಸೀಟು ಬಿಟ್ಟು ಮುಂದೆ, ನರೇನ್ ಪಕ್ಕದಲ್ಲಿ ಕೂತಿದ್ದರು.

"ಮೇಡಂ, ಕಾಲು ನೋಯುತ್ತಾ ಅಂತ ಹೇಗೆ ಕೇಳುವುದು?" ಎಂದು ಅವನು ನನ್ನನ್ನು ಕೇಳುವುದು, ನಾನು ಅತ್ತೆಯನ್ನು ಕೇಳುವುದು, ಅತ್ತೆ ಹೇಳುವುದು. ಸ್ವಲ್ಪ ಹೊತ್ತಿಗೆ ನನ್ನ ಅಗತ್ಯವೇ ಇಲ್ಲವಾಯಿತು. ಅವನು ಕಾಲು ಮುಟ್ಟಿ ತೋರಿಸಿದರೆ ಅತ್ತೆ ಅದರ ಮಾತು ಕೊಡುತ್ತಿದ್ದರು, ಹೊಟ್ಟೆ ತೋರಿಸಿದರೆ ಅದರದು. ನಿದ್ದೆ, ನೀರು, ಚಳಿ, ಔಷಧಿ. ತಪ್ಪಿದರೆ, "ಅಂಗಲ್ಲ ಕಣಪ್ಪ, ನಾಲ್ಗೆ ಮಡ್ಚು," ಎಂದು ಗದರುತ್ತಿದ್ದರು. ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನಾನು ಅಷ್ಟು ಗಟ್ಟಿಯಾಗಿ ಗದರಿಲ್ಲ. ಅವನು ಅವರ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದ. ಅತ್ತೆ ಸೆರಗು ಸರಿಮಾಡಿಕೊಂಡು, ಗಂಟಲು ಕ್ಯಾಕರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು.

ಹೋಟೆಲ್ ಬಂತು. ಅವರಿಬ್ಬರೂ ಇಳಿಯಲಿಲ್ಲ. ಬೆನ್ನಿಗೆ ಅಂಗಿ ತಾಗದಂತೆ ಬಿಲ್ಲಿನ ಹಾಗೆ ಬಾಗಿಕೊಂಡು ಹೊರಗೆ ಬಂದ ನಮ್ಮ ಯಜಮಾನರು ಕಾರಿನ ಕಿಟಕಿಯಲ್ಲಿ ಇಣುಕಿದರು.

"ಏನವ್ವ, ಎಲ್ಲ ನೋಡಿದ್ಯಾ?"

"ಇರ್ಲಾ, ಪಾಠ ನಡೀತೈತೆ," ಎಂದರು ಅತ್ತೆ.

ಕೊನೆಯದಾಗಿ ಇನ್ನೊಂದು ಮಾತು ಬೇಕು ಎಂದು ನರೇನ್ ನನಗೆ ಹೇಳಿದ. ಅಮ್ಮ ಮಧ್ಯಾಹ್ನ ಮಲಗಿ ಎದ್ದಾಗ ಹೆದರಿಕೊಂಡು ಗಾಳಿಯಲ್ಲಿ ಕೈಯಾಡಿಸುತ್ತಾಳೆ, ಆಗ ತಾನು ಏನು ಹೇಳಬೇಕು? ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಕಿಟಕಿಯಾಚೆ ಕತ್ತಲಾಗುತ್ತಿದ್ದ ಸಮುದ್ರ ನೋಡಿದರು. ಬಂದಾಗಿನಿಂದ ಅವರು ಅದನ್ನು ಸರಿಯಾಗಿ ನೋಡಿದ್ದು ಆಗಲೇ.

"ಕೈ ಹಿಡ್ಕಂಡು, 'ಇಕ್ಕಡೇ ಉಂಡಾನಮ್ಮಾ' ಅನ್ನಕ್ಕೇಳು," ಎಂದರು. "ಇಲ್ಲೇ ಇದೀನಿ ಕಣಮ್ಮ ಅಂತ."

ನರೇನ್ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಹೇಳಿದ. ತಪ್ಪಾಯಿತು. ಮತ್ತೆ ಹೇಳಿದ. ಅತ್ತೆ ತಲೆಯಾಡಿಸಿದರು, ಊಹೂಂ. ಅವನು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಇನ್ನೊಂದು ಸಲ ಹೇಳಿದ.

"ಹಾಂ," ಎಂದರು ನಮ್ಮತ್ತೆ, "ಈಗ ಕೇಳಿಸ್ತದೆ ಅವ್ಳಿಗೆ."